ಮುಖ ತಿರುಗಿಸಬೇಡಿ

ಮೂಗಿನ ಮೇಲೊಂದು, ಹಣೆಯ ಮೇಲೊಂದು, ಜೇಬಿನಲ್ಲೊಂದು. ಮೂರು ಕನ್ನಡಕವಿದ್ದೂ ಮನೆಯೊಳಗಿನದನ್ನು ಕಾಣದ ಮನುಷ್ಯ ಈತ. ಬೀದಿಯವರ ಬಾಯಲ್ಲಿ ಸ್ಕ್ರೂ ಮಾಮ. ಮೂವತ್ತೆಂಟು ವರ್ಷ ಮನೆಯ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಕೂತು ಕನ್ನಡಕದ ಸ್ಕ್ರೂ ಬಿಗಿ ಮಾಡಿದ. ಸಾಸಿವೆಯಷ್ಟು ಸ್ಕ್ರೂ ನೆಲಕ್ಕೆ ಬಿದ್ದರೂ ಕಣ್ಣುಮುಚ್ಚಿ ಹುಡುಕಿಯಾನು. ಹೆಂಡತಿಯ ಆರ್ಕಿಡ್ ಎಂದರೆ ಮಾತ್ರ ಅಸಡ್ಡೆ. "ಮಣ್ಣಿಲ್ಲ, ಬರೀ ತೊಗಟೆ ಚೂರು. ಇದೇನು ಗಿಡವೋ, ಸೌದೆ ಡಿಪೋನೋ?" ಎಂದು ರೇಗಿಸುತ್ತಿದ್ದ. "ನಿಮಗಿಂತ ವಾಸಿ ಬಿಡಿ, ವರ್ಷಕ್ಕೊಂದು ಸಲವಾದ್ರೂ ನಗುತ್ತೆ" ಎನ್ನುತ್ತಿದ್ದಳು ಆಕೆ.

ಆಕೆ ತೀರಿಕೊಂಡು ಎರಡು ವರ್ಷ. ಆಸ್ಪತ್ರೆಯಲ್ಲಿ ಕೊನೆಯ ದಿನ ಅವಳ ಕೈ ಹಿಡಿದು ಕೂತಿದ್ದಾಗ ಇವನಿಗೆ ಅಳು ಒತ್ತರಿಸಿ ಬಂತು. ಗಂಡಸು ಅಳಬಾರದೆಂಬ ಹಾಳು ಜಂಭ ನೋಡಿ, ಗೋಡೆಯ ಕಡೆ ತಿರುಗಿದ. ಆಗ ಅವಳೆಂದಳು: "ಮುಖ ತಿರುಗಿಸ್ಬೇಡಿ." ಇವನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವಳು ಕಣ್ಣು ಮುಚ್ಚಿದ್ದಳು. ಮತ್ತೆ ಮಾತಾಡಲಿಲ್ಲ.

ಆ ಮಾತು ಗಂಟಲ ಮುಳ್ಳಾಯಿತು. ಅವಳು ನನ್ನ ಮುಖ ನೋಡಬೇಕೆಂದಳು, ನಾನು ಗೋಡೆ ನೋಡಿದೆ! ಯಾರ ಮುಂದೆ ಹೇಳಿಕೊಳ್ಳುವುದು? ಉಳಿದದ್ದು ಗಿಡವೊಂದೇ. ಬೇರು ಹಸಿರಾಗಿದೆಯೋ ಬೆಳ್ಳಗಾಗಿದೆಯೋ ಎಂದು ಅಂಗಡಿಯ ಭೂತಗನ್ನಡಿಯಲ್ಲಿ ನೋಡಿ ನೀರು ಕುಡಿಸುವುದನ್ನು ಕಲಿತ. ಒಂದೇ ಒಂದು ಹೂ ಬಿಟ್ಟರೂ ಅವಳು ಕ್ಷಮಿಸಿದಳು ಅಂದುಕೊಳ್ಳಬಹುದಲ್ಲ ಎಂಬ ಹುಚ್ಚು ಆಸೆ.

ಆದರೆ ಮೊಗ್ಗೆಲ್ಲ ಕಿಟಕಿಯ ಕಡೆಗೇ. ಒಬ್ಬನೇ ಊಟಕ್ಕೆ ಕೂತವನಿಗೆ ಅವುಗಳ ಬೆನ್ನೇ ಕಾಣುವುದು. "ನೀನೂ ಮುನಿಸ್ಕೊಂಡ್ಯಾ ತಾಯಿ?" ಎಂದು ದಿನವೂ ಕುಂಡವನ್ನು ತನ್ನ ಕಡೆ ತಿರುಗಿಸುವನು. ಊಟವಾದ ಮೇಲೆ ಬೆಳಕಿಗೆಂದು ಮತ್ತೆ ಆ ಕಡೆಗೆ. ಆಕೆ ಇಲ್ಲವಾದ ವರ್ಷದ ಮೊಗ್ಗು ನೀರಿಲ್ಲದೆ ಒಣಗಿದ್ದವು. ಮರುವರ್ಷ ಏಳಕ್ಕೆ ಏಳೂ ಉದುರಿದವು. ಈ ಸಲ ಆರರಲ್ಲಿ ಐದು ಹೋಗಿ ಒಂದು ಉಳಿದಿತ್ತು.

ಆ ಭಾನುವಾರ ನಾದಿನಿ ಬಂದಿದ್ದಳು, ಹೆಂಡತಿಯ ತಂಗಿ. ಊಟದ ಹೊತ್ತಿಗೆ ಇವನು ಎಂದಿನಂತೆ ಕುಂಡಕ್ಕೆ ಕೈ ಹಾಕಿದ. ಹಿಂದಿನಿಂದ, ಅಕ್ಕನದೇ ದನಿಯಲ್ಲಿ, ಅವಳು ಕೂಗಿದಳು: "ಅಯ್ಯೋ ಭಾವ, ಮುಖ ತಿರುಗಿಸ್ಬೇಡಿ!"

ಕೈ ಅಲ್ಲೇ ನಿಂತಿತು. "ಏನಂದೆ?"

"ಕುಂಡದ ಮುಖ. ಮೊಗ್ಗಿದ್ದಾಗ ತಿರುಗಿಸಿದ್ರೆ ಉದುರಿಹೋಗುತ್ತೆ. ಅಕ್ಕ ಹೇಳ್ಲಿಲ್ವಾ? ಆಸ್ಪತ್ರೇಲೂ ಅವಳಿಗೆ ಅದೇ ಜಪ. 'ಮೊಗ್ಗು ಬಿಟ್ಟಿದೆ, ಇವ್ರಿಗೆಲ್ಲಿ ಗೊತ್ತಾಗ್ಬೇಕು' ಅಂತ."

"ಹೇಳಿದ್ಲು" ಎಂದ.

ಮೊದಲು ನಗು ಬಂತು. ಎರಡು ವರ್ಷ ಬೆಂದು ಬಸವಳಿದದ್ದು ಒಂದು ಕುಂಡದ ಮಾತಿಗೆ! ಆಮೇಲೆ ಆ ನಗು ಇಂಗಿಹೋಯಿತು. ಹಾಗಾದರೆ ಕೊನೆಯ ಮಾತೂ ತನಗಲ್ಲ, ಗಿಡಕ್ಕೆ. ಬೈಗುಳವಾದರೂ ತನ್ನದೆಂದು ಇಟ್ಟುಕೊಂಡಿದ್ದ, ಅದೂ ಹೋಯಿತು. ನಾದಿನಿ ಸಂಜೆಯ ಬಸ್ಸಿಗೆ ಹೊರಟಳು. ಮನೆ ಮತ್ತೆ ಮೊದಲಿನಂತೆ ಬಿಕೋ ಎಂದಿತು.

ಕುಂಡವನ್ನು ಮಾತ್ರ ಅವನು ಮುಟ್ಟಲಿಲ್ಲ. ಎರಡು ವಾರ ಕಳೆದು ಮೊಗ್ಗು ಬಿರಿಯಿತು, ಬೀದಿಗೆ ಮುಖ ಮಾಡಿ. ಒಳಗಿನಿಂದ ಬರೀ ಬೆನ್ನು. ಸ್ಕ್ರೂ ಮಾಮ ಚಪ್ಪಲಿ ಮೆಟ್ಟಿ ಕೆಳಗಿಳಿದು, ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ ನಿಂತು ತಲೆಯೆತ್ತಿದ. ತನ್ನದೇ ಕಿಟಕಿ. ಅದರಲ್ಲೊಂದು ಬಿಳಿಯ ಹೂ, ಅದರ ಹಿಂದೆ ಖಾಲಿ ಕುರ್ಚಿ. ಕಣ್ಣೀರು ಗಲ್ಲದ ಮೇಲೆ ಇಳಿಯಿತು. ಹೋಗುವವರು ಬರುವವರು ನೋಡುತ್ತಿದ್ದರು. ನೋಡಲಿ. ಈ ಸಲ ಅವನು ಮುಖ ತಿರುಗಿಸಲಿಲ್ಲ.