ತಟ್ಟಿದರೆ ಮುಚ್ಚುವ ಎಲೆ

ಬಾಯಲ್ಲಿ ಪಿನ್ನು ಕಚ್ಚಿಕೊಂಡವರು ಮಾತಾಡುವ ಹಾಗಿಲ್ಲ. ಮಾತಾಡದೆ ಕೂತವರ ಹತ್ತಿರವೇ ಜನ ಬಂದು ಹೊಟ್ಟೆಯಲ್ಲಿರುವುದನ್ನೆಲ್ಲ ಹೇಳಿಕೊಳ್ಳುವುದು. ಹಾಗಾಗಿ ಟೋಪಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪಿನ್ನು ಮಾಡುತ್ತಿದ್ದ ಪಿನ್ನಕ್ಕನಿಗೆ ಆ ಬೀದಿಯ ಪ್ರತಿ ಮನೆಯ ಸಂಗತಿಯೂ ಗೊತ್ತಿತ್ತು. ಅವಳ ಸಂಗತಿ ಮಾತ್ರ ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ.

ಅದು ಗಾಳಿಯ ಊರು. ಬೆಳಿಗ್ಗೆ ಎದ್ದ ಗಾಳಿ ದೀಪ ಹಚ್ಚುವವರೆಗೆ ಬೀದಿಯ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಾಡುತ್ತಲೇ ಇರುತ್ತಿತ್ತು. ಟೋಪಿಯಿಲ್ಲದೆ ಹೆಂಗಸರು ಹೊರಗೆ ಬರುತ್ತಿರಲಿಲ್ಲ, ಪಿನ್ನಿಲ್ಲದೆ ಟೋಪಿ ತಲೆಯ ಮೇಲೆ ನಿಲ್ಲುತ್ತಿರಲಿಲ್ಲ. ಕೋಟಿನ ಕೊರಳಿಗೊಂದು, ಶಾಲಿಗೊಂದು, ಟೋಪಿಗೊಂದು ಅಂತ ಮೈಮೇಲೆ ಮೂರು ಮೂರು ಪಿನ್ನು ಹೊತ್ತುಕೊಂಡೇ ಓಡಾಡುತ್ತಿದ್ದರು.

ಪಿನ್ನಕ್ಕನಿಗೆ ಕೆಲಸ ಕಲಿಸಿದವಳು ಅವಳ ಸೋದರತ್ತೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದ ಹುಡುಗಿಯನ್ನು ತನ್ನ ಬೆಂಚಿನ ಪಕ್ಕ ಕೂರಿಸಿಕೊಂಡು, ಉಕ್ಕಿನ ತಂತಿಯನ್ನು ನೇರ ಮಾಡುವುದು, ಅರದಲ್ಲಿ ಉಜ್ಜಿ ಮೊನೆ ತೆಗೆಯುವುದು, ತಲೆಗೆ ಮಣಿ ಕೂರಿಸಿ ಬೆಸುಗೆ ಹಾಕುವುದು, ಎಲ್ಲ ತೋರಿಸಿಕೊಟ್ಟಳು. ಮುಗಿದ ಪಿನ್ನನ್ನು ಒಂದು ಉಂಡೆ ಹತ್ತಿಯೊಳಗಿಂದ ಎಳೆಯಬೇಕು. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಅದು ವಾಪಸು ಅರದ ಕೆಳಗೆ.

“ಹತ್ತಿ ಸುಳ್ಳು ಹೇಳಲ್ಲ ಕಣೇ. ಗಿರಾಕಿ ಹೇಳ್ತಾರೆ,” ಅನ್ನುತ್ತಿದ್ದಳು ಅತ್ತೆ.

ಅತ್ತೆಯದು ಇನ್ನೊಂದು ಕಟ್ಟುನಿಟ್ಟು. ಪಿನ್ನು ಒಂದು ಗೇಣು ಉದ್ದ ಇರಬೇಕು. ಟೋಪಿಯ ಈ ಕಡೆ ಹೊಕ್ಕು, ಕೂದಲು ದಾಟಿ, ಆ ಕಡೆ ಎರಡು ಬೆರಳಷ್ಟು ಹೊರಗೆ ಬರಬೇಕು. ಹೊರಗೆ ಬಂದರೇ ಹಿಡಿತ. ಆ ಎರಡು ಬೆರಳಿನ ಅಳತೆಯನ್ನು ಪಿನ್ನಕ್ಕ ಮೂವತ್ತು ವರ್ಷ ತಪ್ಪಿಸಿರಲಿಲ್ಲ.

ಆ ಎರಡು ಬೆರಳು ತಪ್ಪದೆ ತಾಗುತ್ತಿದ್ದದ್ದು ಅವಳ ಗಂಡನಿಗೆ. ಅವನು ಸಿಟಿ ಬಸ್ಸಿನ ಕಂಡಕ್ಟರ್. ಬೆಳಗಿನ ಹೊತ್ತಿನ ಬಸ್ಸೆಂದರೆ ಸೂಜಿ ಹಾಕಿದರೆ ಕೆಳಗೆ ಬೀಳದಷ್ಟು ಜನ, ಅವರಲ್ಲಿ ಅರ್ಧ ಟೋಪಿಗಳು. ಆ ಟೋಪಿಗಳ ನಡುವೆ ತೂರಿಕೊಂಡು ಟಿಕೆಟ್ಟು ಕೊಡುವಾಗ ಕಿವಿಗೋ ಕೆನ್ನೆಗೋ ಒಂದು ಗೀರು ಗ್ಯಾರಂಟಿ. ಸಂಜೆ ಬಂದವನೇ ದೀಪದ ಕೆಳಗೆ ಮುಖ ಹಿಡಿದು ವರದಿ ಒಪ್ಪಿಸುತ್ತಿದ್ದ.

“ಇವತ್ತು ನಿನ್ನ ಬಿಳಿ ಮುತ್ತು. ಬಗ್ಗಿ ಚಿಲ್ಲರೆ ತೆಗೀತಿದ್ದೆ, ಆಯಮ್ಮ ತಿರುಗಿ ‘ಮಾರ್ಕೆಟ್ಟು ಬಂತಾ’ ಅಂದ್ರು. ಬಂತು, ಕೆನ್ನೆ ಮೇಲೆ.”

ಮೇಲ್ಮನೆಯ ಅಜ್ಜಿ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. “ಏನು ಕಂಡಕ್ಟರಪ್ಪ, ಮನೇಲಿ ಒಬ್ಬಳು ಸಾಲ್ದು ಅಂತ ಬಸ್ಸಲ್ಲೂ ಪರಚಿಸ್ಕೊಂಡು ಬರ್ತೀಯಾ?”

“ಎರಡು ಕಡೆನೂ ಪರಚೋದು ಒಂದೇ ಕೈ ಅಜ್ಜಿ. ನನ್ನ ಹಣೆಬರಹನ ಇವಳೇ ಅರದಲ್ಲಿ ಚೂಪು ಮಾಡ್ತಾಳೆ.”

ಹೀಗೆ ನಗುನಗುತ್ತಲೇ ವರ್ಷಗಳು ಉರುಳಿದವು. ಒಂದು ಚಳಿಯ ಬೆಳಿಗ್ಗೆ ಬಸ್ಸಿಗೆ ನಾಯಿ ಅಡ್ಡ ಬಂತು, ಡ್ರೈವರು ಬ್ರೇಕು ಒತ್ತಿದ. ಕಂಡಕ್ಟರ ಮುಂದಕ್ಕೆ ಮುಗ್ಗರಿಸಿದ, ಅದೇ ಹೊತ್ತಿಗೆ ಮುಂದಿನ ಹೆಂಗಸು ಏನಾಯಿತೆಂದು ತಲೆ ತಿರುಗಿಸಿದಳು. ಪಿನ್ನಿನ ಮೊನೆ ಅವನ ಬಲಗಣ್ಣಿನ ಮೂಲೆಗೆ ಹೊಕ್ಕಿತು.

ಪಿನ್ನಕ್ಕ ಆಸ್ಪತ್ರೆಗೆ ಓಡಿದಾಗ ಡಾಕ್ಟರು ಕೈ ಒರೆಸಿಕೊಳ್ಳುತ್ತಿದ್ದರು. “ಕೂದಲೆಳೆಯಲ್ಲಿ ತಪ್ಪಿದೆ ಕಣಮ್ಮ. ಕಣ್ಣಿಗೆ ಬಂದದ್ದು ರೆಪ್ಪೆಗೆ ಹೋಯ್ತು ಅಂದ್ಕೊಳ್ಳಿ,” ಅಂದರು. ಬಾಗಿಲ ಹೊರಗಿನ ಬೆಂಚಿನ ಮೇಲೆ ಆ ಹೆಂಗಸು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತ ಕೂತಿದ್ದಳು. ಟೋಪಿಯಲ್ಲಿ ಪಿನ್ನು ಹಾಗೇ ಇತ್ತು. ಹಸಿರು ಗಾಜಿನ ಮಣಿ, ಮಣಿಯ ಬುಡಕ್ಕೆ ಎರಡು ಸುತ್ತು ತಂತಿ. ಬುಡಕ್ಕೆ ಎರಡು ಸುತ್ತು ಹಾಕುವವಳು ಊರಿಗೆಲ್ಲ ಒಬ್ಬಳೇ.

“ಅಳಬೇಡಿ, ನೀರು ಕುಡೀರಿ,” ಅಂದಳು ಪಿನ್ನಕ್ಕ. ಆ ಮಣಿಯ ಮಾತನ್ನು ಅವಳಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಮೂರು ವಾರಕ್ಕೆ ಪಟ್ಟಿ ಬಿಚ್ಚಿದರು. ಕಣ್ಣು ಸರಿಯಾಗಿಯೇ ಕಾಣುತ್ತಿತ್ತು. ಅವನು ಸಮವಸ್ತ್ರ ತೊಟ್ಟು ಡಿಪೋಗೆ ಹೋದ, ಬಸ್ಸಿನ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟ, ಒಳಗಿದ್ದ ಟೋಪಿಗಳನ್ನು ನೋಡಿದ, ಕಾಲು ಇಳಿಸಿದ. ಮಾರನೆ ದಿನವೂ ಹಾಗೇ ಆಯಿತು. ಮೂರನೆಯ ದಿನ ಡಿಪೋದ ಮೇಲಧಿಕಾರಿ ಹೆಗಲ ಮೇಲೆ ಕೈಯಿಟ್ಟು, “ಚಳಿಗಾಲ ಮುಗಿಯೋವರೆಗೆ ಕಾಯ್ತೀನಿ. ಆಮೇಲೂ ಆಗ್ದಿದ್ರೆ ಉಗ್ರಾಣಕ್ಕೆ ಹಾಕಿಸ್ತೀನಿ. ಟೈರು ನೋಡ್ಕೊಂಡಿರಿ, ಅವು ಟೋಪಿ ಹಾಕ್ಕೊಳಲ್ಲ,” ಅಂದರು. ಅವರದು ಒಳ್ಳೆ ಮನಸ್ಸೇ.

ಮನೆಗೆ ಬಂದು ಟಿಕೆಟ್ಟು ತೂತು ಮಾಡುವ ಪಂಚನ್ನು ಗೋಡೆಯ ಮೊಳೆಗೆ ನೇತುಹಾಕಿ, “ಟೈರು ಮಾತಾಡಲ್ವಲ್ಲೇ,” ಅಂದ.

ದಿನಕ್ಕೆ ಸಾವಿರ ಜನರ ಜೊತೆ ಮಾತಾಡಿ ಬರುತ್ತಿದ್ದವನು ಕಿಟಕಿಯ ಹತ್ತಿರ ಕೂತು, ತಿರುವಿನಲ್ಲಿ ಹಾದುಹೋಗುವ ಬಸ್ಸನ್ನು ನೋಡಿ “ನಾಲ್ಕು ನಿಮಿಷ ಲೇಟು” ಅನ್ನುವುದನ್ನು ಪಿನ್ನಕ್ಕ ಕೇಳಿಸಿಕೊಂಡಳು. ಒಂದು ವಾರ ಕೇಳಿಸಿಕೊಂಡಳು. ಆಮೇಲೆ ಬೆಂಚಿನ ಮೇಲೆ ಅತ್ತೆಯ ಅಳತೆಗೋಲನ್ನು ಮಗುಚಿಟ್ಟು ಹೊಸ ತಂತಿ ತೆಗೆದುಕೊಂಡಳು.

ಮೊದಲು ಪಿನ್ನು ಗಿಡ್ಡ ಮಾಡಿದಳು. ಎರಡೇ ದಿನಕ್ಕೆ ಮೂರು ಟೋಪಿ ಗಾಳಿಗೆ ಹಾರಿ ಚರಂಡಿಗೆ ಬಿದ್ದವು. ಆಮೇಲೆ ಮೊನೆಗೆ ಸಿಕ್ಕಿಸಲು ಜೋಳದ ಕಾಳಿನಷ್ಟು ಪುಟ್ಟ ಪುಟ್ಟ ಮಣಿಯ ಮುಚ್ಚಳ ಮಾಡಿದಳು. ಟೋಪಿ ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

“ಅಕ್ಕಾ, ನಾನು ಜನಕ್ಕೆ ಟೋಪಿ ಹಾಕೋದಾಯ್ತು, ಈಗ ನೀವು ಪಿನ್ನಿಗೂ ಟೋಪಿ ಹಾಕಿದ್ರಾ?”

ಗಿರಾಕಿಗಳಿಗೆ ಮುಚ್ಚಳ ಬಹಳ ಹಿಡಿಸಿತು. ವಾರ ಕಳೆಯುವುದರೊಳಗೆ ಬೀದಿ ಗುಡಿಸುವವಳು ಒಂದು ಬೆಂಕಿಪೊಟ್ಟಣ ತುಂಬ ಮುಚ್ಚಳ ತಂದು ಬೆಂಚಿನ ಮೇಲೆ ಸುರಿದಳು. “ನಿಮ್ಮ ಮಣಿಗಳಕ್ಕ. ಬಸ್‌ಸ್ಟಾಪಿನ ಹತ್ತಿರ ಸಿಕ್ಕಿದ್ದು. ಬಿತ್ತನೆ ಮಾಡಿದ ಹಾಗಿತ್ತು.”

ಅವತ್ತು ಊಟ ಮಾಡುವಾಗ ಅವಳು ಗಂಡನನ್ನು ಕೇಳಿದಳು. “ರೀ, ಮುಚ್ಚಳ ಹಾಕ್ಕೊಳ್ಳಿ ಅಂತ ಎಲ್ಲರಿಗೂ ಹೇಳಿಯೇ ಕೊಟ್ಟಿದ್ದೆ. ಯಾಕೆ ಹಾಕ್ಕೊಳಲ್ಲ?”

“ನಾನು ಇಪ್ಪತ್ತೆಂಟು ವರ್ಷ ‘ಮುಂದೆ ಹೋಗಿ, ಮುಂದೆ ಹೋಗಿ’ ಅಂದಿದೀನಿ. ಯಾರಾದ್ರೂ ಹೋದ್ರಾ? ಹೇಳಿದ್ದು ಮಾಡೋ ಜಾತಿನೇ ಅಲ್ಲ ಜನ. ಆದ್ರೆ ಬಸ್ಸು ಹೊರಟಾಗ ಒಂದು ಕೈ ಮೇಲಿನ ಕಂಬಿ ಹಿಡಿಯುತ್ತೆ ನೋಡು, ಅದನ್ನ ಯಾರೂ ಹೇಳಿಕೊಟ್ಟಿಲ್ಲ. ಕೈ ತಾನಾಗೇ ಏನು ಮಾಡುತ್ತೋ ಅದೊಂದೇ ನಂಬಬೇಕು.”

ಪಿನ್ನಕ್ಕ ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತಳು.

ಮಾರನೆ ದಿನದಿಂದ ಅವಳು ಬೆಂಚು ಬಿಟ್ಟು ಪರದೆಯ ಸಂದಿಯಲ್ಲಿ ಕೂತಳು. ಅಂಗಡಿಯ ದೊಡ್ಡ ಕನ್ನಡಿ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಮೂವತ್ತು ವರ್ಷ ಗಿರಾಕಿಗಳ ಮಾತನ್ನು ಕಿವಿಯಿಂದ ಕೇಳಿದವಳು ಅವರ ಕೈಗಳನ್ನು ಮೊದಲ ಸಲ ಕಣ್ಣಿಂದ ನೋಡಿದಳು. ಒಬ್ಬಳು ಪಿನ್ನನ್ನು ಸರಕ್ಕನೆ ಚುಚ್ಚುತ್ತಿದ್ದಳು, ಒಬ್ಬಳು ಹೆದರಿ ಹೆದರಿ. ಒಬ್ಬಳು ಎಡಗೈ, ಒಬ್ಬಳು ಬಲಗೈ. ಆದರೆ ಚುಚ್ಚಿದ ಮೇಲೆ ಪ್ರತಿಯೊಬ್ಬಳೂ, ಹದಿನಾರರವಳಿಂದ ಎಪ್ಪತ್ತರವಳವರೆಗೆ, ಎರಡು ಬೆರಳಿನಿಂದ ಪಿನ್ನಿನ ಮಣಿಯನ್ನು ಒಮ್ಮೆ ಮೆಲ್ಲಗೆ ತಟ್ಟುತ್ತಿದ್ದಳು. ತಟ್ಟಿ, ಆಮೇಲೆ ತಲೆ ತಿರುಗಿಸಿ ಕನ್ನಡಿ ನೋಡಿಕೊಳ್ಳುತ್ತಿದ್ದಳು. ನಾಲ್ಕು ದಿನದಲ್ಲಿ ತಟ್ಟದೆ ಹೋದವರು ಒಬ್ಬರೂ ಇಲ್ಲ. ಐದನೆಯ ದಿನ ಪಿನ್ನಕ್ಕ ತನ್ನ ಶಾಲಿಗೆ ಪಿನ್ನು ಹಾಕಿಕೊಂಡು ಎದ್ದಳು, ಬೆರಳು ತಾನಾಗಿ ಹೋಗಿ ಅದನ್ನು ತಟ್ಟಿತು. ಅವಳು ಮತ್ತೆ ಕೂತಳು.

ಮೊನೆ ಮುಚ್ಚುವ ಕೆಲಸವನ್ನು ಆ ತಟ್ಟುವ ಬೆರಳಿಗೇ ಒಪ್ಪಿಸಬೇಕು.

ಹಿತ್ತಾಳೆ ತಗಡಿನಲ್ಲಿ ನಾಲ್ಕು ಬೆರಳುದ್ದದ ಒಂದು ಎಲೆ ಕತ್ತರಿಸಿದಳು. ಎಲೆಯ ತೊಟ್ಟಿಗೆ ಪಿನ್ನು, ಪಿನ್ನಿಗೆ ಬಿಲ್ಲಿನಂತೆ ಸ್ವಲ್ಪ ಬಾಗು. ಅದು ಟೋಪಿಯೊಳಗೆ ಹೊಕ್ಕು, ಕೂದಲನ್ನು ಹಿಡಿದು, ಹೊಲಿಗೆ ಹಾಕಿದ ಹಾಗೆ ಅದೇ ಕಡೆ ವಾಪಸು ಹೊರಗೆ ಬರುತ್ತಿತ್ತು. ಸರಿಯಾಗಿ ಎಲೆಯ ತುದಿಯ ಕೆಳಗೆ. ಎಲೆಯ ತುದಿಯಲ್ಲಿ ಒಂದು ಟೊಳ್ಳು ಮೊಗ್ಗು. ಎಲೆ ಕೊಂಚ ಮೇಲೆದ್ದು ನಿಂತಿರುತ್ತದೆ. ತಟ್ಟಿದರೆ ಕೆಳಗೆ ಕೂತು, ಮೊಗ್ಗು ಮೊನೆಯನ್ನು ನುಂಗಿಬಿಡುತ್ತದೆ. ತೆಗೆಯಬೇಕಾದರೆ ಉಗುರಿನಲ್ಲಿ ಎಲೆಯ ಅಂಚು ಎತ್ತಿದರಾಯಿತು.

ಮನಸ್ಸಿನಲ್ಲಿ ಎಲ್ಲ ಸರಿಯಿತ್ತು. ಕೈಯಲ್ಲಿ ಮಾತ್ರ ಆಗಲಿಲ್ಲ. ಎಲೆಯ ಕೆಳಗಿನ ಸ್ಪ್ರಿಂಗು ಗಟ್ಟಿಯಾದರೆ ಗುದ್ದಬೇಕು, ಮೆತ್ತಗಾದರೆ ನಡೆಯುವಾಗಲೇ ಬಾಯಿ ಬಿಡುತ್ತದೆ. ಹದಿನೇಳು ಎಲೆ ಕೆಟ್ಟವು. ಹೊರಗೆ ಚಳಿ ಇಳಿಯತೊಡಗಿತ್ತು, ಮನೆಯಲ್ಲಿ ಅವನು ಉಗ್ರಾಣಕ್ಕೆ ಬೇಕೆಂದು ಹಳೆಯ ಬೂಟು ಹುಡುಕಿಟ್ಟಿದ್ದ. ಅದನ್ನು ನೋಡಿದ ಸಂಜೆಯೇ ಅವಳ ಕಣ್ಣು ಗೋಡೆಯ ಮೇಲಿನ ಪಂಚಿಗೆ ಹೋಯಿತು. ಇಪ್ಪತ್ತೆಂಟು ವರ್ಷ ಒತ್ತಿದ್ದಾನೆ, ಒಂದು ದಿನವೂ ಕೈಕೊಟ್ಟಿಲ್ಲ. ಬೆರಳಿಗೆ ಭಾರವಿಲ್ಲ, ತಾನಾಗಿ ಬಿಡುವುದೂ ಇಲ್ಲ.

“ಇದನ್ನ ಬಿಚ್ಚಿ ನೋಡ್ಲಾ?”

“ಬಿಚ್ಚು. ನನಗಿನ್ನು ಯಾತಕ್ಕೆ?”

ಅವಳು ಬಿಚ್ಚಿದಳು. ಒಳಗೆ ಸುರುಳಿ ತಂತಿಯಿರಲಿಲ್ಲ, ನಾಲಗೆಯಂಥ ಒಂದು ಚಪ್ಪಟೆ ಉಕ್ಕಿನ ಪಟ್ಟಿ, ನಡುವೆ ಸಣ್ಣ ಡೊಂಕು. ಆ ಡೊಂಕನ್ನು ಕಾಗದದ ಮೇಲೆ ಬರೆದುಕೊಂಡಳು. ಪಂಚನ್ನು ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ ಅದೇ ಮೊಳೆಗೆ ಹಾಕಿದಳು. ಅವನು ನೋಡಿಯೂ ನೋಡದವನಂತೆ ಕಿಟಕಿಯ ಕಡೆ ತಿರುಗಿಕೊಂಡ.

ಅದೇ ಡೊಂಕಿನ ಪಟ್ಟಿ ಹಾಕಿದ ಹದಿನೆಂಟನೆಯ ಎಲೆ ತಟ್ಟಿದಾಗ ಟಿಕ್ ಅಂತು. ಹತ್ತಿಯ ಉಂಡೆಯ ಮೇಲೆ ಅದನ್ನು ಹೇಗೆ ಹೇಗೋ ಉರುಳಿಸಿದಳು. ಒಂದು ಎಳೆಯೂ ಸಿಕ್ಕಲಿಲ್ಲ.

ಆ ಎಲೆಯನ್ನು ತನ್ನ ಟೋಪಿಗೆ ಸಿಕ್ಕಿಸಿಕೊಂಡೇ ಮನೆಗೆ ಹೋಗಿ ಗಂಡನ ಮುಂದೆ ತಲೆ ಬಗ್ಗಿಸಿದಳು. ಅವನು ಕುರ್ಚಿ ಸಮೇತ ಹಿಂದೆ ಸರಿದ. ಅವಳು ಅಲ್ಲೇ ನಿಂತಳು. ಚಹಾದ ನೀರು ಕುದಿದು ಅರ್ಧಕ್ಕೆ ಇಳಿಯುವಷ್ಟು ಹೊತ್ತು ನಿಂತಳು. ಕೊನೆಗೆ ಅವನ ಬೆರಳು ಮೊಗ್ಗನ್ನು ಮುಟ್ಟಿತು.

“ಆ ಹಸಿರು ಮಣಿ ನಂದೇ ಆಗಿತ್ತು ರೀ,” ಅಂದಳು, ಬಗ್ಗಿದ ತಲೆ ಎತ್ತದೆ.

“ಗೊತ್ತು. ಆಯಮ್ಮ ತಲೆ ತಿರುಗಿಸೋ ಮುಂಚೆ ನನ್ನ ಮೂಗಿನ ಮುಂದೇನೇ ಇತ್ತು, ಬಹಳ ಚೆನ್ನಾಗಿ ಕಾಣಿಸ್ತು. ಬುಡದಲ್ಲಿ ಎರಡು ಸುತ್ತು.”

“ಮತ್ತೆ ಒಂದು ಮಾತೂ ಅನ್ಲಿಲ್ಲ.”

“ನೀನೂ ಅನ್ಲಿಲ್ಲ. ಸರಿ, ತಲೆ ಎತ್ತು, ಕತ್ತು ನೋಯುತ್ತೆ.”

ಒಂದು ಟೋಪಿ ಮುಟ್ಟಿದ್ದಾಯಿತು, ಬಸ್ಸೇ ಬೇರೆ. ಅದಕ್ಕೆ ದಾರಿ ಹುಡುಕಿದವಳು ಮೇಲ್ಮನೆಯ ಅಜ್ಜಿ. ಭಾನುವಾರ ಮಧ್ಯಾಹ್ನ ಬೀದಿಯ ಏಳೆಂಟು ಹೆಂಗಸರನ್ನು ಟೋಪಿ ಸಮೇತ ಕರೆತಂದು, ಮನೆಯ ಮುಂಬಾಗಿಲಿನಿಂದ ಅಡುಗೆಮನೆಯವರೆಗಿನ ಕಿರಿದಾದ ಓಣಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದಳು. ಅಷ್ಟರಲ್ಲಿ ಎಲೆ ಅಂಗಡಿಗೂ ಬಂದಿತ್ತು, ಎಲ್ಲರ ಟೋಪಿಯಲ್ಲೂ ಒಂದೊಂದು ಹಿತ್ತಾಳೆ ಎಲೆ.

“ಕಂಡಕ್ಟರಪ್ಪ, ಎಷ್ಟು ಹೊತ್ತು ನಿಲ್ಸೋದು? ನನಗೆ ಅಡುಗೆಮನೆ ಸ್ಟಾಪಿಗೆ ಒಂದು ಟಿಕೆಟ್ಟು.”

“ನನಗೆ ಅರ್ಧ ಟಿಕೆಟ್ಟು,” ಅಂದಳು ಲಾಂಡ್ರಿಯವಳು. ಓಣಿಯಲ್ಲಿ ಅರ್ಧ ಜಾಗ ಅವಳದೇ.

ಅವನು ಕೋಣೆಯ ಬಾಗಿಲಲ್ಲಿ ನಿಂತೇ ಇದ್ದ. ಪಿನ್ನಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಅವನು ಗೋಡೆಯ ಕಡೆ ಕೈ ಚಾಚಿ ಪಂಚನ್ನು ತೆಗೆದುಕೊಂಡ. ಎರಡು ಸಲ ಒತ್ತಿ ನೋಡಿದ. ಕಣ್ಣು ಮುಚ್ಚಿಕೊಂಡು ಓಣಿಯೊಳಗೆ ನುಗ್ಗಿದ.

“ಮುಂದೆ ಹೋಗಿ, ಮುಂದೆ ಹೋಗಿ,” ಅಂದ. ದನಿ ಮೊದಲು ಸಣ್ಣದಾಗಿತ್ತು.

ಒಬ್ಬಳೂ ಮುಂದೆ ಹೋಗಲಿಲ್ಲ. ಬೇಕೆಂದೇ ತಲೆ ತಿರುಗಿಸಿದರು, ಬಗ್ಗಿದರು, ಹೆಗಲಿಗೆ ಹೆಗಲು ಕೊಟ್ಟು ನೂಕಿದರು. ಹಿತ್ತಾಳೆಯ ಎಲೆಗಳು ಅವನ ಕಿವಿಗೂ ಕೆನ್ನೆಗೂ ಸವರಿದವು, ತಣ್ಣಗೆ. ಅಡುಗೆಮನೆ ಮುಟ್ಟುವ ಹೊತ್ತಿಗೆ ಅವನ ಕಣ್ಣು ತೆರೆದಿತ್ತು. “ಯಾರೋ ಚಿಲ್ಲರೆ ಕೊಟ್ಟಿಲ್ಲ,” ಅಂತ ಜೋರು ಮಾಡುತ್ತ ಅವನೇ ವಾಪಸು ಇನ್ನೊಂದು ಟ್ರಿಪ್ಪು ಹೊಡೆದ.

ಸೋಮವಾರ ಅವನು ಡಿಪೋಗೆ ಹೋದ. ಪಿನ್ನಕ್ಕ ಅವತ್ತು ಬೆಂಚಿನಲ್ಲಿ ಮೂರು ಎಲೆ ಕೆಡಿಸಿದಳು. ಸಂಜೆ ಮನೆಯ ಬಾಗಿಲು ಸದ್ದಾದಾಗ ಎದ್ದು ದೀಪ ಹಿಡಿದಳು. ಅವನು ಅಭ್ಯಾಸದಂತೆ ಮುಖ ಒಡ್ಡಿದ. ಎಡಗಿವಿಯ ಮೇಲೆ ಸಣ್ಣದೊಂದು ಗೀರು, ಇನ್ನೂ ಕೆಂಪಗಿತ್ತು. ಅವಳು ದೀಪವನ್ನು ಇನ್ನಷ್ಟು ಹತ್ತಿರ ತಂದಳು.

“ಹತ್ತೊಂಬತ್ತು ಟೋಪಿಲಿ ಆರು ನಿನ್ನ ಎಲೆ,” ಅಂದ ಅವನು. “ಗೀರಿದ್ದು ಹಳೇದೊಂದು, ಗೇಣುದ್ದದ್ದು. ನಿಮ್ಮತ್ತೆ ಕಾಲದ್ದಿರಬೇಕು. ಆಯಮ್ಮನಿಗೆ ಟಿಕೆಟ್ಟಿನ ಹಿಂದೆ ಟೋಪಿ ಅಂಗಡಿ ವಿಳಾಸ ಬರ್ಕೊಟ್ಟಿದೀನಿ, ನಾಳೆ ಬರ್ತಾರೆ, ನೋಡ್ಕೊ.”

“ಹೆದರಿಕೆ ಆಗ್ಲಿಲ್ವಾ?”

“ಆಯ್ತು. ಮಾರ್ಕೆಟ್ಟು ದಾಟೋವರೆಗೆ.” ಪಂಚನ್ನು ಜೇಬಿನಿಂದ ತೆಗೆದ, ಮೊಳೆಗೆ ಹಾಕಲು ಹೋದವನು ಸಮವಸ್ತ್ರದ ಜೇಬಿಗೇ ಮತ್ತೆ ಇಳಿಬಿಟ್ಟ. “ನಾಳೆ ಮೊದಲನೇ ಬಸ್ಸು ನಂದೇ. ಐದಕ್ಕೆ ಎಬ್ಬಿಸು.”