ಗೋಲಿ ಬಿದ್ದ

ಹೊನ್ನಾವರದ ಮೀನುಪೇಟೆಯ ಹೆಂಗಸರು ಫುಟ್‌ಬಾಲ್ ಕಾಮೆಂಟ್ರಿ ಹೇಳುವವರನ್ನು ತರಾಟೆಗೆ ತೆಗೆದುಕೊಂಡಷ್ಟು ಚೆನ್ನಾಗಿ ಪುಸ್ತಕ ವಿಮರ್ಶೆ ಮಾಡುವವರು ಬರೆಯುವವರನ್ನು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಆ ಹೆಂಗಸರಲ್ಲಿ ನಾನೂ ಒಬ್ಬಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮುಂದೆ ಓದಿಸುವವರಿಲ್ಲದೆ ಹೆತ್ತಮ್ಮ ಆಯಿಯ ಪಕ್ಕದಲ್ಲಿ ಬುಟ್ಟಿ ಇಟ್ಟು ಕೂತವಳು. ನಮ್ಮ ಜಿಲ್ಲೆ ಬೊಂಬಾಯಿಯನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು.

ಮಳೆಗಾಲ ಮುಗಿದು ನೆಲ ಗಟ್ಟಿಯಾದ ಕೂಡಲೇ ಪೇಟೆಯ ಹಿಂದಿನ ಮೈದಾನದಲ್ಲಿ ಪಂದ್ಯಗಳು ಶುರುವಾಗುತ್ತಿದ್ದವು. ಕುಮಟೆಯವರು ಬಸ್ಸಿನಲ್ಲಿ ಬರುತ್ತಿದ್ದರು, ಭಟ್ಕಳದವರು ಶರಾವತಿಯನ್ನು ಲಾಂಚಿನಲ್ಲಿ ದಾಟಿ ಬರುತ್ತಿದ್ದರು. ಮೈದಾನಕ್ಕೂ ನಮಗೂ ನಡುವೆ ಇದ್ದದ್ದು ಒಂದು ಚಿರೆಕಲ್ಲಿನ ಗೋಡೆ. ಆದರೆ ಅವರ ಆಟದ ಹೊತ್ತೂ ನಮ್ಮ ವ್ಯಾಪಾರದ ಹೊತ್ತೂ ಒಂದೇ. ದೋಣಿ ಬಂದ ಸಂಜೆ ಬಂಗಡೆ ಬುಟ್ಟಿ ಬಿಟ್ಟು ಎದ್ದರೆ ಆ ದಿನ ಮುಗಿಯಿತು. ಹಾಗಾಗಿ ಗೋಡೆಯ ಪಕ್ಕದ ತೆಂಗಿನ ಮರಕ್ಕೆ ಕಟ್ಟಿದ್ದ ಮೈಕು ಏನು ಹೇಳುತ್ತದೋ ಅದೇ ನಮಗೆ ಆಟ.

ಅದನ್ನು ಹೇಳುವವರು ಮೂವರಿದ್ದರು. ಕುಮಟೆಯಿಂದ ಬರುತ್ತಿದ್ದ ಮಾಸ್ತರರು ಅಚ್ಚಗನ್ನಡದವರು. ‘ಇದೀಗ ಚೆಂಡು ಎಡಬದಿಯಿಂದ ಬಲಬದಿಗೆ ಸಾಗುತ್ತಿರುವುದನ್ನು ನಾವು ಕಾಣಬಹುದಾಗಿದೆ’ ಎನ್ನುವಷ್ಟರಲ್ಲಿ ಮೈದಾನದಲ್ಲಿ ಗೋಲೆಂದು ಕೂಗೆದ್ದಿರುತ್ತಿತ್ತು. ನಮ್ಮ ಎದುರು ಸಾಲಿನಲ್ಲಿ ಅಘನಾಶಿನಿ ಕಡೆಯ ಬಳಚು ಎಂಬ ಚಿಪ್ಪುಮೀನು ಮಾರುತ್ತಿದ್ದ ಮುದುಕಿ ತಲೆ ಕೊಡವಿ, “ಕಾಣಬಹುದಂತೆ. ನಮ್ಗೆ ಎಲ್ಲಿ ಕಾಣ್ತು? ಬಾಲು ಹೋಗಿ ಮುಟ್ಟಿ ಆತು, ಇಂವ ಇನ್ನೂ ದಾರಿಲೇ ಇದ್ದ” ಎನ್ನುತ್ತಿದ್ದಳು. ಎರಡನೆಯವನು ಭಟ್ಕಳದ ಬಟ್ಟೆ ಅಂಗಡಿಯ ಹುಡುಗ. ಕನ್ನಡ, ಉರ್ದು, ನವಾಯತಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ. ಅರ್ಧ ನಮಗೆ ತಿಳಿಯುತ್ತಿರಲಿಲ್ಲ, ಆದರೂ ಅವನು ಮೈಕು ಹಿಡಿದ ದಿನ ಮೀನು ಹೆರೆಯುವ ಕೈಗಳೂ ಜೋರಾಗಿ ಓಡುತ್ತಿದ್ದವು. ಮೂರನೆಯವನು ನಮ್ಮೂರಿನ ಬಸ್ ಏಜೆಂಟ. ಹಗಲೆಲ್ಲ ‘ಕುಮ್ಟಾ ಕುಮ್ಟಾ’ ಎಂದು ಕೂಗಿ ಅವನ ಗಂಟಲು ಒಡೆದಿರುತ್ತಿತ್ತು. ಮಧ್ಯಂತರದಲ್ಲಿ ಅಭ್ಯಾಸಬಲದಿಂದ ಕಡೇ ಬಸ್ಸು ಹೊರಡುವ ಹೊತ್ತನ್ನೂ ಹೇಳಿಬಿಡುತ್ತಿದ್ದ.

ಮೂವರಲ್ಲಿ ಯಾರು ಹೆಚ್ಚು ಎಂಬ ಬಗ್ಗೆ ಪೇಟೆಯಲ್ಲಿ ಜಗಳವೇ ನಡೆಯುತ್ತಿತ್ತು. ಆಯಿ ಮಾತ್ರ ಅದರಲ್ಲಿ ಬಾಯಿ ಹಾಕುತ್ತಿರಲಿಲ್ಲ. ಅವಳು ಕೇಳುತ್ತಿದ್ದದ್ದು ಬೇರೆಯೇ. ನನ್ನ ಅಣ್ಣ ಹೊನ್ನಾವರದ ತಂಡದ ಗೋಲ್‌ಕೀಪರ್. ಮೂವರೂ ಅವನನ್ನು ‘ಗೋಲಿ’ ಎನ್ನುತ್ತಿದ್ದರು. ‘ಗೋಲಿ ಬಿದ್ದ’ ಎಂದು ಮೈಕಿನಲ್ಲಿ ಬಂದರೆ ಆಯಿಯ ಕೈಯಲ್ಲಿದ್ದ ಕತ್ತಿ ನಿಂತುಬಿಡುತ್ತಿತ್ತು.

“ಯಾವ ಗೋಲಿ?” ಎಂದು ನನ್ನನ್ನು ಕೇಳುತ್ತಿದ್ದಳು. ಗೋಲಿಗಳು ಇಬ್ಬರು, ಆ ತುದಿಗೊಬ್ಬ ಈ ತುದಿಗೊಬ್ಬ. ಯಾರು ಬಿದ್ದದ್ದು ಎಂದು ನನಗೆ ಮಾತ್ರ ಹೇಗೆ ಗೊತ್ತಾಗಬೇಕು?

“ಬಾಲು ಹಿಡಿಯೂಕೆ ಬೀಳ್ತ ಆಯಿ. ಅವ್ನ ಕೆಲ್ಸವೇ ಬೀಳೂದು” ಎಂದು ಸಮಾಧಾನ ಹೇಳುತ್ತಿದ್ದೆ.

“ಬೀಳೂದು ಅವ್ನ ಕೆಲ್ಸ ಆದ್ರೆ ಎದ್ದ ಅಂತ ಹೇಳೂದು ಯಾರ ಕೆಲ್ಸ?”

ಆ ಮೇಲೆ ನಾನೂ ಅದಕ್ಕೇ ಕಿವಿಗೊಟ್ಟೆ. ಕೇಳುತ್ತಾ ಹೋದಂತೆ ಅವಳು ಹೇಳಿದ್ದು ನಿಜವೆಂದು ನನಗೂ ತಿಳಿಯಿತು. ಬಿದ್ದ ಸುದ್ದಿ ಮೈಕಿನಲ್ಲಿ ಬರುತ್ತದೆ. ಅಷ್ಟರಲ್ಲಿ ಚೆಂಡು ಇನ್ನೊಬ್ಬನ ಕಾಲಿಗೆ ಹೋಗುತ್ತದೆ, ಮಾತೂ ಚೆಂಡಿನ ಹಿಂದೆ ಹೋಗುತ್ತದೆ. ಬಿದ್ದವನು ಎದ್ದನೋ, ಇನ್ನೂ ಅಲ್ಲೇ ಇದ್ದಾನೋ, ಅದು ಕಣ್ಣಿದ್ದವರಿಗೆ ಮಾತ್ರ. ಗೋಡೆಯ ಈಚೆ ಕೂತವರ ಪಾಲಿಗೆ ಅವನು ಬಿದ್ದೇ ಇರುತ್ತಾನೆ.

ಆಯಿ ಹೀಗೆ ಹೆದರುವುದಕ್ಕೆ ಕಾರಣವಿತ್ತು. ನಾನು ಸಣ್ಣವಳಿದ್ದಾಗ ಅಪ್ಪನ ದೋಣಿ ಅಳಿವೆಯ ಬಾಯಲ್ಲಿ ಮಗುಚಿತ್ತು. ದಂಡೆಯಿಂದ ಒಬ್ಬ ಓಡಿಬಂದು ‘ನಿಮ್ಮವ್ರು ನೀರಿಗೆ ಬಿದ್ರು’ ಎಂದು ಹೇಳಿ, ಮುಂದಿನದನ್ನು ನೋಡಿಬರುತ್ತೇನೆಂದು ಹೋದ. ಮುಂದಿನದನ್ನು ಹೇಳಲು ಯಾರೂ ಬರಲೇ ಇಲ್ಲ. ಅಪ್ಪನೂ ಸಿಗಲಿಲ್ಲ. ಆಯಿ ಆ ಮೇಲೆ ಬಹಳ ಕಾಲ ಬಾಗಿಲ ಕಡೆ ಮುಖ ಮಾಡಿಯೇ ಉಣ್ಣುತ್ತಿದ್ದಳು. ಈಗ ಅಪ್ಪನ ಜಾಗದಲ್ಲಿ ದೋಣಿಯಲ್ಲಿ ನಿಂತು ಬಲೆ ಎಳೆಯುತ್ತಿದ್ದವನು ಅಣ್ಣ. ಅವನ ಕಾಲಿನ ಮೇಲೆ ನಮ್ಮ ಮನೆ ನಿಂತಿತ್ತು.

ಒಂದು ಬೆಳಿಗ್ಗೆ ಬಸ್ ಏಜೆಂಟ ಮೀನಿಗೆ ಬಂದ. ಆಯಿ ಅವನಿಗೆ ತಾರ್ಲೆ ಹಾಕುತ್ತಾ ಹಾಕುತ್ತಾ, “ಏಜೆಂಟ್ರೇ, ಗೋಲಿ ಬಿದ್ದ ಅಂತ್ರಿ. ಎದ್ದ ಅಂತ ಒಂದ್ ಮಾತು ಹೇಳೂಕೆ ನಿಮ್ಗೆ ಎಂತ ಕಷ್ಟ?” ಎಂದಳು.

ಅವನು ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. “ಆತು ಅಕ್ಕ, ಹೇಳ್ತೆ” ಎಂದ.

ಹೇಳಿದ ಕೂಡ. ಆ ವರ್ಷ ಅವನು ಮೈಕು ಹಿಡಿದಾಗಲೆಲ್ಲ ‘ನಮ್ಮೂರ ಗೋಲಿ ಬಿದ್ದ, ಎದ್ದ’ ಎಂದೇ ಬರುತ್ತಿತ್ತು. ಚೆಂಡು ಆ ತುದಿ ಮುಟ್ಟಿದರೂ ಸರಿಯೇ, ಅವನು ಅಣ್ಣ ಏಳುವ ತನಕ ಕಾದು, ಎದ್ದನೆಂದು ಹೇಳಿಯೇ ಮುಂದೆ ಹೋಗುತ್ತಿದ್ದ. ಆಯಿ ಕತ್ತಿ ನಿಲ್ಲಿಸಿ ಮತ್ತೆ ಆಡಿಸುತ್ತಿದ್ದಳು. ಅವಳು ಆಟದ ದಿನ ಗಿರಾಕಿಗಳ ಜೊತೆ ನಕ್ಕು ಮಾತಾಡಿದ್ದು ಆ ಒಂದು ವರ್ಷ ಮಾತ್ರ.

ಮೈದಾನದಲ್ಲಿ ನಿಂತು ನೋಡುವ ಗಂಡಸರಿಗೆ ಇದು ಹಿಡಿಸಲಿಲ್ಲ. ಹೋಟೆಲಿನ ರೇಡಿಯೋದಲ್ಲಿ ಕಲ್ಕತ್ತೆಯ ಪಂದ್ಯ ಕೇಳುತ್ತಾ ಚಹಾ ಕುಡಿಯುವವರು ಅವರು. ಕಾಮೆಂಟ್ರಿ ಅಂದರೆ ಹಾಗಿರಬೇಕು, ಭಾಷೆ ತಿಳಿಯದಿದ್ದರೂ ಎದೆ ಹೊಡೆದುಕೊಳ್ಳಬೇಕು ಎಂಬುದು ಅವರ ಮತ. ‘ಎದ್ದದ್ದು ನಮ್ಗೆ ಕಾಣೂದಿಲ್ವಾ? ಅಲ್ಲಿ ಗೋಲಾಗ್ತಾ ಉಂಟು, ಇಂವ ಇಲ್ಲಿ ಗೋಲಿಗೆ ಬಾಣಂತನ ಮಾಡ್ತಾ ಇದ್ದ’ ಎಂದು ಏಜೆಂಟನನ್ನು ಎಲ್ಲರೆದುರು ಆಡಿಕೊಂಡರು. ಮರುವರ್ಷ ಪಂದ್ಯ ನಡೆಸುವವರು ಅವನನ್ನು ಕೈಬಿಟ್ಟು, ರೇಡಿಯೋದವರ ಹಾಗೆಯೇ ಹೇಳುತ್ತಾನೆಂದು ಒಬ್ಬ ಹೊಸಬನನ್ನು ಕರೆಸಿದರು. ಸುಳ್ಳು ಯಾಕೆ ಹೇಳಲಿ, ಅವನ ದನಿ ಚೆನ್ನಾಗಿತ್ತು. ಬಳಚಿನ ಮುದುಕಿ ಕೂಡ, “ಈಗ ಬಂತು ನೋಡು ಕಾಮೆಂಟ್ರಿ” ಎಂದು ಕಿವಿಗೆ ಸುತ್ತಿದ್ದ ಸೆರಗು ಸರಿಸಿ ಕೂತಳು.

ಭಟ್ಕಳದವರ ಜೊತೆ ಕಡೇ ಆಟದ ದಿನ ಪೇಟೆಯಲ್ಲಿ ಗಿರಾಕಿಗಳೇ ಕಡಿಮೆ, ಎಲ್ಲರೂ ಗೋಡೆಯ ಆಚೆ. ಹೊಸಬನ ಮಾತು ಚೆಂಡಿನ ಜೊತೆಗೇ ಓಡುತ್ತಿತ್ತು. ಚೆಂಡು ಬಂತು, ಒಳಗೆ ಬಂತು, ಹೊಡೆದ, ಗೋಲಿ ಹಾರಿದ, ಗೋಲಿ ಬಿದ್ದ, ಚೆಂಡು ಹೊರಗೆ, ಕಾರ್ನರ್. ಜನ ಓ ಎಂದರು. ಆಯಿ ಕತ್ತಿ ನಿಲ್ಲಿಸಿದಳು. ಕಾರ್ನರ್ ಹೊಡೆದಾಯಿತು, ಚೆಂಡು ನಡುವಿಗೆ ಹೋಯಿತು, ಆ ಬದಿಗೆ ಹೋಯಿತು.

“ಎದ್ನಾ?” ಎಂದಳು ಆಯಿ.

“ಎದ್ದಿರ್ಬೇಕು. ಇಲ್ಲದಿದ್ರೆ ಆಟ ನಿಲ್ಲಿಸ್ತಿದ್ರು.”

“ಹೇಳ್ಲಿಲ್ವಲ್ಲ.”

ಸ್ವಲ್ಪ ಹೊತ್ತಿಗೆ, “ನೀ ಹೋಗಿ ನೋಡ್ಕಂಡು ಬಾ ತಂಗಿ. ಬುಟ್ಟಿ ನಾ ನೋಡ್ಕಂತೆ” ಎಂದಳು. ನಾನು ಕೈ ಕೂಡ ತೊಳೆಯದೆ ಓಡಿದೆ. ಗೋಡೆಯ ಸಂದಿಯಲ್ಲಿ ಗಂಡಸರು ಒಬ್ಬರಿಗೊಬ್ಬರು ಅಂಟಿ ನಿಂತಿದ್ದರು. ನನಗೆ ಕಂಡದ್ದು ಅವರ ಬೆನ್ನು ಮಾತ್ರ. ‘ಗೋಲಿ ಎದ್ನಾ’ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಒಬ್ಬ ತಿರುಗದೆಯೇ, “ಯಾವ ಗೋಲಿ?” ಎಂದ. ಇನ್ನೊಬ್ಬ ನನ್ನ ಕೈಯ ಮೀನಿನ ನಾತಕ್ಕೆ ಮುಖ ಸಿಂಡರಿಸಿ ಸರಿದ. ಆ ಜಾಗದಲ್ಲಿ ಇಣುಕಿದರೆ ದೂರದಲ್ಲಿ ಕಂಡದ್ದು ಭಟ್ಕಳದ ಗೋಲಿ, ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ. ನಮ್ಮ ತುದಿ ಜನರ ಹಿಂದೆ ಮುಚ್ಚಿಹೋಗಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅಷ್ಟು ಜೋಡಿ ಕಣ್ಣುಗಳಲ್ಲಿ ಒಂದು ಜೋಡಿಯಾದರೂ ನನ್ನಣ್ಣನ ಕಡೆ ತಿರುಗಬಾರದಿತ್ತೇ?

ವಾಪಸು ಬಂದು, ‘ಕಾಣ್ಲಿಲ್ಲ ಆಯಿ’ ಎಂದೆ. ನಾವಿಬ್ಬರೂ ಮೈಕನ್ನೇ ನೋಡುತ್ತಾ ಕೂತೆವು. ಆಟ ಮುಗಿಯಿತು. ಹೊಸಬ ಗೆದ್ದವರಿಗೆ, ಸೋತವರಿಗೆ, ಅಧ್ಯಕ್ಷರಿಗೆ, ನೀರು ಕೊಟ್ಟವರಿಗೆ, ಪೆಂಡಾಲಿನವರಿಗೆ ಎಲ್ಲರಿಗೂ ಹೆಸರು ಹಿಡಿದು ವಂದನೆ ಹೇಳಿದ. ಆ ವಂದನೆ ನಡೆಯುತ್ತಿದ್ದಾಗಲೇ ಬಸ್ ಏಜೆಂಟ ಜನರ ನಡುವೆ ನುಗ್ಗಿಕೊಂಡು ನಮ್ಮ ಕಡೆ ಬರುವುದು ಕಂಡಿತು. ಅವನ ಮುಖ ನೋಡಿಯೇ ಆಯಿ ಬುಟ್ಟಿ ಬಿಟ್ಟು ಎದ್ದಳು.

ಎದುರಿನವನ ಕಾಲು ತಾಗಿ ಅಣ್ಣನ ಮೊಣಕಾಲಿನ ಚಿಪ್ಪು ಒಡೆದಿತ್ತು. ಕಾರ್ನರ್ ಹೊಡೆಯುವ ಮೊದಲೇ ಬದಲಿ ಹುಡುಗನನ್ನು ನಿಲ್ಲಿಸಿ, ಅಣ್ಣನನ್ನು ಹಿಂದಿನ ದಾರಿಯಿಂದ ಎತ್ತಿಕೊಂಡು ದವಾಖಾನೆಗೆ ಒಯ್ದಿದ್ದರು. ಹಾಗಾಗಿಯೇ ಆಟ ನಿಲ್ಲಲಿಲ್ಲ. ಏಜೆಂಟ ದವಾಖಾನೆಯವರೆಗೂ ನಮ್ಮ ಜೊತೆ ಬಂದ. ದಾರಿಯುದ್ದಕ್ಕೂ, “ನನ್ನ ಕೈಲಿ ಮೈಕ್ ಇದ್ದಿದ್ರೆ ಹೇಳ್ತಿದ್ದೆ ಅಕ್ಕ” ಎನ್ನುತ್ತಲೇ ಇದ್ದ. ಏನು ಹೇಳುತ್ತಿದ್ದನೋ ಪಾಪ.

ಪ್ಲಾಸ್ಟರು ಕಟ್ಟಿ ಅಣ್ಣನನ್ನು ಮನೆಗೆ ತಂದು ಜಗಲಿಯಲ್ಲಿ ಮಲಗಿಸಿದೆವು. ಹಾಸಿಗೆಯಲ್ಲೇ ದೀಪಾವಳಿ ಹೋಯಿತು, ಶಿವರಾತ್ರಿ ಬಂತು. ಪ್ಲಾಸ್ಟರು ಬಿಚ್ಚಿದ ಮೇಲೂ ಕಾಲು ಮಡಚಲು ಬರುತ್ತಿರಲಿಲ್ಲ. ಹಿಂದೆ ಅಷ್ಟು ಹರಟುತ್ತಿದ್ದವನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಆಯಿ ಅವನ ಎದುರು ಕೂರುತ್ತಿರಲಿಲ್ಲ. ಒಳಗೆ ಒಲೆಯ ಮುಂದೆ ಕೂತು, ಜಗಲಿಯ ಸದ್ದಿಗೆ ಕಿವಿ ಕೊಟ್ಟುಕೊಂಡೇ ಗಂಜಿ ಬೇಯಿಸುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಜಗಲಿ ಗುಡಿಸುತ್ತಿದ್ದಾಗ ಅಣ್ಣ ಕಂಬ ಹಿಡಿದ. ಹಲ್ಲು ಕಚ್ಚಿ, ಒಂದು ಕೈಯಿಂದ ಗೋಡೆಯನ್ನು ತಡವಿ, ಮೆಲ್ಲಗೆ ನೆಟ್ಟಗಾದ. ನನಗೆ ಬಾಯಿಗೆ ಬಂದದ್ದು ಏಜೆಂಟನ ಮಾತೇ.

“ಆಯಿ, ನಮ್ಮೂರ ಗೋಲಿ ಎದ್ದ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಅವಳು ಹೊರಗೆ ಬರಲಿಲ್ಲ. ಒಳಗಿಂದಲೇ, “ಇನ್ನೊಂದ್ ಸಲ ಹೇಳು” ಎಂದಳು.

ಅಷ್ಟರಲ್ಲಿ ಅಣ್ಣನ ಕಾಲು ನಡುಗಿ ಅವನು ಚಾಪೆಯ ಮೇಲೆ ಕುಸಿದು ಕೂತಿದ್ದ. ನನ್ನ ಮುಖ ನೋಡಿ ಬೇಡವೆಂದು ತಲೆಯಾಡಿಸಿದ. ನಾನು ಗುಡಿಸುವ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಆಯಿಗೆ ಕೇಳುವಷ್ಟು ಗಟ್ಟಿಯಾಗಿ, ಇನ್ನೊಂದು ಸಲ ‘ಎದ್ದ’ ಎಂದೆ.