ಹದಿನಾರು ಮೆಟ್ಟಿಲು, ಒಂದು ಲೋಟ ನೀರು

ಬೆಳಗಿನ ನಾಲ್ಕೂವರೆ. ಶಿರಾ ಪಟ್ಟಣದ ಈ ಗಲ್ಲಿಗೆ ಆಜಾನ್ ಕೇಳಿಸಲು ಇನ್ನೂ ಹೊತ್ತಿದೆ. ಖಾಜಾಬಿಯವರ ಅಡುಗೆಮನೆಯಲ್ಲಿ ಮಾತ್ರ ದೀಪ ಹತ್ತಿ ಆಗಲೇ ಅರ್ಧ ಗಂಟೆಯಾಗಿದೆ. ಐವತ್ತೆಂಟರ ಹೆಂಗಸು ಮೂಲೆಯಲ್ಲಿ ಕೂತು ದೊಡ್ಡ ಬೇಸಿನ್ನಿನಲ್ಲಿ ಗೋಧಿ ಹಿಟ್ಟು ನಾದುತ್ತಾರೆ. ಇನ್ನೊಂದು ತುದಿಯ ಕಲ್ಲಿನ ಮೇಲೆ ಸೊಸೆ ಸುಮಯ್ಯ ಲಟ್ಟಿಸುತ್ತಾಳೆ. ಒಲೆ ಇರುವುದು ಎದುರು ಗೋಡೆಗೆ, ಕಿಟಕಿಯ ಕೆಳಗೆ. ಇಬ್ಬರ ಕಾಲಡಿಯಲ್ಲೂ ಎರಡು ದಿನದಿಂದ ಸೀಮೆಸುಣ್ಣದ ನೀಲಿ ಗೆರೆಯಿದೆ, ಹಿಂದಿನ ಕೋಣೆಯ ನೆಲದಲ್ಲಿ ಒಂದು ಕೆಂಪು ಗೆರೆ.

ಹೆದ್ದಾರಿಯ ಹೋಟೆಲುಗಳಲ್ಲಿ ಊಟಕ್ಕೆ ಕೂತವರು ಚಪಾತಿ ಮೆತ್ತಗಿದೆ ಎಂದು ಹೊಗಳಿದರೆ ಆ ಹೊಗಳಿಕೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೆ ಸಲ್ಲುತ್ತದೆ. ಆ ಚಪಾತಿಗಳಲ್ಲಿ ದಿನಕ್ಕೆ ನಾನೂರೈವತ್ತು ಅರೆಬೇಯುವುದು ಈ ಹತ್ತಡಿ ಅಡುಗೆಮನೆಯಲ್ಲಿ ಎಂಬುದು ಅವರ್ಯಾರಿಗೂ ಗೊತ್ತಿಲ್ಲ. ಮಗ ಯಾಸೀನ್ ಏಳೂವರೆಗೆಲ್ಲ ಲಗೇಜ್ ಆಟೋದಲ್ಲಿ ತುಂಬಿಕೊಂಡು ಹೊರಡಬೇಕು. ತಡವಾದರೆ ಹೋಟೆಲಿನವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ತಡವಾಗಿದೆ, ಅದೂ ಖಾಜಾಬಿ ಆಸ್ಪತ್ರೆಯಲ್ಲಿದ್ದ ದಿನ.

ಕಿಡ್ನಿಯಲ್ಲಿ ಕಲ್ಲು. ನೀರು ಕುಡಿಯಮ್ಮ, ಮದ್ದು ಅದೊಂದೇ ಎಂದು ಡಾಕ್ಟರು ಹೇಳಿದರು. ಖಾಜಾಬಿ ತಲೆಯಾಡಿಸಿ ಬಂದರು, ಕುಡಿಯಲಿಲ್ಲ. ಈ ಮನೆಯ ಶೌಚಾಲಯ ಇರುವುದು ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಒಲೆ ಉರಿಯುವ ಕಡೆ ಅದು ಬೇಡ ಎಂದು ಮನೆ ಕಟ್ಟುವಾಗ ಹಿರಿಯರು ಹಟ ಹಿಡಿದಿದ್ದರು. ಹಟ ಹಿಡಿದವರೆಲ್ಲ ಹೋದರು, ಹದಿನಾರು ಕಡಿದಾದ ಮೆಟ್ಟಿಲು ಉಳಿದವು. ಖಾಜಾಬಿಯವರ ಮೊಣಕಾಲು ಆ ಮೆಟ್ಟಿಲುಗಳಿಗೆ ಸೋತು ಆರು ವರ್ಷವಾಯಿತು.

"ನೀರು ಕುಡುದ್ರೆ ಮೇಲಕ್ಕೆ ಹೋಗ್ಬೇಕು. ಹೋಗಿ ಬರಾಕೆ ನಂಗೆ ಕಾಲು ಗಂಟೆ ಬೇಕು. ಅಷ್ಟೊತ್ತಿಗೆ ಕಾವಲಿ ಮೇಲಿಂದು ಸೀದೋಗಿರ್ತದೆ. ಅದ್ಕೇ ಕೆಲಸ ಮುಗಿಯೋಗಂಟ ನೀರು ಮುಟ್ಟಲ್ಲ," ಎನ್ನುತ್ತಾರೆ. ದೂರುವ ದನಿಯಲ್ಲ, ಹಿಟ್ಟಿಗೆ ಉಪ್ಪು ಎಷ್ಟು ಎಂದು ಹೇಳುವ ದನಿ.

ಅಡುಗೆಮನೆಯ ಹಿಂದೆ ಹಳೆ ಹಾಸಿಗೆ, ಟ್ರಂಕು ತುಂಬಿದ ಒಂದು ಕಿರುಕೋಣೆಯಿದೆ. ಮನೆಯಲ್ಲಿ ಉಳಿದಿರುವ ಜಾಗ ಅದೊಂದೇ. ನಡುಗೋಡೆ ಒಡೆದರೆ ಹಿಟ್ಟು, ಲಟ್ಟಿಸುವ ಕಲ್ಲು, ಒಲೆ ಮೂರೂ ಒಂದೇ ಸಾಲಿಗೆ ಬರುತ್ತವೆ. ಒಡೆಯದೆ ಬಿಟ್ಟರೆ ಅಲ್ಲೊಂದು ಶೌಚಾಲಯ ಹಿಡಿಸುತ್ತದೆ. ಎರಡಕ್ಕೂ ಜಾಗವಿಲ್ಲ. ಗಂಡ ಖಲೀಲುಲ್ಲಾ ಪಂಕ್ಚರ್ ಅಂಗಡಿಗೆ ಹೊರಡುತ್ತ, ಅಡುಗೆಮನೆ ನಿಂದು, ಕಾಲೂ ನಿಂದೇ, ನೀನೇ ಹೇಳು ಎಂದು ಜಾರಿಕೊಂಡರು.

ಪಟ್ಟನಾಯಕನಹಳ್ಳಿ ಕಡೆಯ ಗಾರೆ ಮೇಸ್ತ್ರಿ ಬೈಲಪ್ಪನದು ಒಂದು ಪದ್ಧತಿ. ಗೋಡೆಗೆ ಸುತ್ತಿಗೆ ಹಾಕುವ ಮೊದಲು ನೆಲದ ಮೇಲೆ ಗೆರೆ ಎಳೆದು, ಮನೆಯವರು ಮೂರು ದಿನ ಆ ಗೆರೆಯೊಳಗೇ ಬಾಳಿ ನೋಡಬೇಕು ಎನ್ನುತ್ತಾನೆ. ನೀಲಿ ಗೆರೆ ಹೊಸ ಅಡುಗೆಮನೆ, ಕಿರುಕೋಣೆಯ ಕೆಂಪು ಗೆರೆ ಶೌಚಾಲಯ. ಮೂರನೆಯ ಬೆಳಿಗ್ಗೆ ಎಂಟಕ್ಕೆ ಬಂದು ಉತ್ತರ ಕೇಳುತ್ತಾನೆ. ಇವತ್ತೇ ಆ ಮೂರನೆಯ ಬೆಳಿಗ್ಗೆ.

ಮೊದಲ ದಿನ ನೀಲಿಯೇ ಗೆದ್ದಿತ್ತು. ಈಗ ಕಲ್ಲಿನಿಂದ ಒಲೆಗೆ ನಾಲ್ಕು ಹೆಜ್ಜೆ, ಮರಳಿ ನಾಲ್ಕು. ಮೂರು ಮೂರು ಚಪಾತಿ ಒಯ್ದರೂ ಬೆಳಗಾಗುವಷ್ಟರಲ್ಲಿ ಸಾವಿರ ಹೆಜ್ಜೆ ದಾಟುತ್ತದೆ. ನೀಲಿ ಗೆರೆಯಲ್ಲಾದರೆ ನಿಂತಲ್ಲೇ ತಿರುಗಿದರೆ ಸಾಕು. ಅದೂ ಅಲ್ಲದೆ, ಒಲೆಯ ಹಿಂದೆಯೇ ಶೌಚಾಲಯ ಎಂದರೆ ಹೋಟೆಲಿನವರು ಮುಖ ಸಿಂಡರಿಸಬಹುದು ಎಂಬ ಅಂಜಿಕೆ ಬೇರೆ. ಬಾಗಿಲನ್ನು ಹಿಂದಿನ ಓಣಿಗೆ ಇಟ್ಟರೆ ಒಳಗೆ ಸುಳಿವೂ ಇರುವುದಿಲ್ಲ ಎಂದು ಬೈಲಪ್ಪ ಧೈರ್ಯ ಹೇಳಿದ್ದ. ಆದರೂ ಖಾಜಾಬಿಯ ಮನಸ್ಸು ಅಡುಗೆಮನೆಗೇ ಅಂಟಿತ್ತು. "ನಂದೇನು, ಇನ್ನೆಷ್ಟು ದಿನ? ಅಡುಗೆಮನೆ ನೆಟ್ಟಗಾದ್ರೆ ಹುಡುಗೀಗೆ ಸುಲ್ಭ ಆಗ್ತದೆ," ಎಂಬುದು ಅವರ ಲೆಕ್ಕಾಚಾರ.

ಆರು ಗಂಟೆ. ಒಲೆಯ ಝಳಕ್ಕೆ ಕೋಣೆ ಕಾದಿದೆ. ಸುಮಯ್ಯ ಎರಡು ಸಲ ಒಣ ಕೆಮ್ಮು ಕೆಮ್ಮುತ್ತಾಳೆ, ತುಟಿ ಸಿಪ್ಪೆ ಎದ್ದಿದೆ. ಹಿಟ್ಟು ನಾದಿ ಮುಗಿಸಿ ಒಲೆಯ ಮುಂದೆ ನಿಂತಿರುವ ಖಾಜಾಬಿ ಒಂದು ಲೋಟ ನೀರು ತುಂಬಿ ಮುಂದೆ ಹಿಡಿಯುತ್ತಾರೆ. ಹುಡುಗಿ ಬೆರಳದ್ದಿ ತುಟಿ ಒದ್ದೆ ಮಾಡಿಕೊಂಡು ಲೋಟವನ್ನು ಕಿಟಕಿಯ ಮೇಲಿಟ್ಟುಬಿಡುತ್ತಾಳೆ.

"ಬ್ಯಾಡ ಅಮ್ಮೀ, ಇನ್ನೂ ನೂರೈವತ್ತು ಐತೆ."

"ಕುಡಿಯೇ, ನಿಂಗೇನು ಕಾಲು ನೋವಾ?"

"ಎದ್ದೋದ್ರೆ ಕೆಲಸ ಕೆಡ್ತದೆ ಅಂತ ನೀವೇ ಹೇಳ್ಕೊಟ್ಟಿದ್ದು. ನಾನು ಈ ಮನೆಗೆ ಬಂದಾಗ್ಲಿಂದ ಕೆಲಸದ ಹೊತ್ನಾಗೆ ಕುಡ್ದಿಲ್ಲ."

ಹೌದು, ಹೇಳಿಕೊಟ್ಟದ್ದು ಅವರೇ. ಹಿಟ್ಟಿಗೆ ಬಿಸಿನೀರು ಹಾಕು, ಎಣ್ಣೆ ಕೊನೆಗೆ ಸವರು, ಮುಗಿಯುವವರೆಗೆ ನೀರು ಕುಡಿಯಬೇಡ. ಮೂರನ್ನೂ ಒಂದೇ ಉಸಿರಿನಲ್ಲಿ, ಕಸುಬಿನ ಗುಟ್ಟೆಂಬಂತೆ ಹೇಳಿಕೊಟ್ಟಿದ್ದರು. ಹುಡುಗಿಗೆ ಇಪ್ಪತ್ತಮೂರು ವರ್ಷ. ಖಾಜಾಬಿ ಸಟ್ಟುಗ ಹಿಡಿದು ಹಾಗೇ ನಿಲ್ಲುತ್ತಾರೆ. ಅವರಿಗೆ ಸಂಕಟವಾಗುತ್ತದೆ, ನಾಚಿಕೆಯೂ ಆಗುತ್ತದೆ. ಕಾವಲಿಯ ಮೇಲಿನ ಚಪಾತಿ ಸೀದು ಹೊಗೆಯಾಡುತ್ತದೆ, ಅದನ್ನು ತೆಗೆಯಲೂ ಅವರಿಗೆ ತೋಚುವುದಿಲ್ಲ.

ಎಂಟಕ್ಕೆ ಸರಿಯಾಗಿ ಬೈಲಪ್ಪ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ. ಮಾತಿಗಿಂತ ಮೊದಲು ಅವನ ಕಣ್ಣು ನೆಲದ ಮೇಲೆ. ನೀಲಿ ಗೆರೆ ಇದ್ದ ಕಡೆ ಈಗ ಒದ್ದೆ ಬಟ್ಟೆಯಲ್ಲಿ ಒರೆಸಿದ ಗುರುತು ಮಾತ್ರ ಇದೆ.

"ಅಂಗಾರೆ ಅಡುಗೆಮನೆ ಬ್ಯಾಡ್ವಾ ಖಾಜಾಬಮ್ಮ?"

"ಅದು ಇಂಗೇ ಇರ್ಲಿ ಮೇಸ್ತ್ರಿ. ನಾಕು ಹೆಜ್ಜೆ ನಡುದ್ರೆ ಯಾರೂ ಸಾಯಲ್ಲ. ಕಕ್ಕಸು ಕಟ್ಟು. ಬಾಗ್ಲು ಓಣಿ ಕಡೀಗಿರ್ಲಿ."

ಹೋಟೆಲಿನವರು ಏನಾದರೂ ಅಂದರೆ ಎಂದು ಅವನು ರಾಗ ಎಳೆಯುತ್ತಾನೆ. ಅಂದರೆ ಅವರನ್ನೇ ಕರೆದು ತೋರಿಸುತ್ತೇನೆ, ಕೈ ತೊಳೆಯುವ ನಲ್ಲಿಯನ್ನೂ ಜೊತೆಗೇ ತೋರಿಸುತ್ತೇನೆ ಎಂದು ಖಾಜಾಬಿ ಆ ಮಾತನ್ನು ಅಲ್ಲಿಗೇ ಮುಗಿಸುತ್ತಾರೆ. ಬೈಲಪ್ಪ ಟೇಪು ಬಿಚ್ಚಿ ಕೆಂಪು ಗೆರೆಯ ಅಳತೆ ಹಿಡಿಯುತ್ತಾನೆ. ಕೆಲಸ ಮುಗಿಯಲು ಹನ್ನೆರಡು ದಿನ ಬೇಕಂತೆ.

ಕಿಟಕಿಯ ಮೇಲಿನ ಲೋಟ ಇಟ್ಟಲ್ಲೇ ಇದೆ. ನೀರಿನ ಮೇಲೆ ತೆಳ್ಳಗೆ ಹಿಟ್ಟಿನ ಪುಡಿ ಕೂತಿದೆ. ಕಕ್ಕಸು ಮುಗಿದ ದಿನ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ ಖಾಜಾಬಿ ಮೊಣಕಾಲು ನೀವಿಕೊಳ್ಳುತ್ತ ಸೊಸೆಯ ಕಡೆ ನೋಡುತ್ತಾರೆ.

"ಬೆಳಿಗ್ಗೆ ಎದ್ದು ಒಂದು ಚೊಂಬು ನೀರು ಕುಡೀತೀನಿ. ಫಸ್ಟು ಅವಳಿಗೆ ಕುಡುಸ್ತೀನಿ, ಆಮೇಲೆ ನಾನು. ಹಿಟ್ಟು ಅದಾದ್ಮೇಲೆ."